ರೀಸ್ಟಾರ್ಟ್ ಕೊಟ್ಟ ಮೇಲೆ ನಡೆಯುವ ಕೆಲಸ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕು ಊರುಗಳ ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ಅಡಿಕೆ ಮಂಡಿ, ಸೇವಾ ಕೇಂದ್ರಗಳ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ವಿಂಡೋಸ್ 98ರ ಕಾಲದಲ್ಲಿ ಈ ಕೆಲಸಕ್ಕೆ ಬಂದೆ. ಅಲ್ಲಿಂದೀಚೆಗೆ ಡಬ್ಬದ ಮಾನಿಟರು ಹೋಯಿತು, ಫ್ಲಾಪಿ ಹೋಯಿತು, ಸಿ.ಡಿ.ಯೂ ಹೋಯಿತು. ಒಂದು ದೂರು ಮಾತ್ರ ಹಾಗೇ ಉಳಿದಿದೆ: "ಒಂದು ಫೈಲು ಡಿಲೀಟ್ ಆಗ್ತಾ ಇಲ್ಲ ಕಣಕ್ಕಾ. ಏನ್ ಮಾಡಿದ್ರೂ ಬಳಕೆಲೈತೆ ಅಂತಾನೇ ಬರ್ತೈತೆ."

ಇದಕ್ಕೆ ಬಹಳ ಸಲ ನಾನು ಕೊಡುವ ಉತ್ತರ, "ಒಂದ್ಸಲ ರೀಸ್ಟಾರ್ಟ್ ಕೊಡಿ." ಕೇಳಿದವರಿಗೆ ಅದು ಸಾಗಹಾಕುವ ಮಾತಿನಂತೆ ಕೇಳಿಸುತ್ತದೆಂದು ಗೊತ್ತು. ಆದರೆ ರೀಸ್ಟಾರ್ಟ್ ಆಗುವ ಆ ಒಂದೆರಡು ನಿಮಿಷದಲ್ಲಿ ಕಂಪ್ಯೂಟರು ಬೇರೆ ಯಾವ ಹೊತ್ತಿನಲ್ಲೂ ಮಾಡಲಾಗದ ಒಂದು ಕೆಲಸವನ್ನು ಮಾಡಿ ಮುಗಿಸುತ್ತದೆ. ಆ ಕೆಲಸಕ್ಕೆ ಒಂದು ಪಟ್ಟಿಯಿದೆ, ಒಂದು ಕ್ರಮವಿದೆ, ಮಾಡುವ ಆಳೂ ಇದ್ದಾನೆ. ಅದು ಏನೆಂದು ತಿಳಿದವರು "ನಂತರ ನೆನಪಿಸು" ಎಂಬ ಗುಂಡಿಯನ್ನು ಅಷ್ಟು ಸಲೀಸಾಗಿ ಒತ್ತುವುದಿಲ್ಲ.

ಫೈಲನ್ನು ಹಿಡಿದಿರುವವರು ಯಾರು?

ಹೊಸದುರ್ಗದ ಒಂದು ಡಿಟಿಪಿ ಅಂಗಡಿಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಯುಗಾದಿ ಕಳೆದಿತ್ತು, ಲಗ್ನಪತ್ರಿಕೆಗಳ ಸುಗ್ಗಿ. ಪುಟ ಜೋಡಿಸುವುದು ಪೇಜ್‌ಮೇಕರ್‌ನಲ್ಲಿ, ಅಕ್ಷರ ನುಡಿಯಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶದ 'ನುಡಿ 01 ಇ' ಫಾಂಟಿನಲ್ಲಿ ನಮ್ಮ ಕಡೆಯ ಎಷ್ಟೋ ಮದುವೆ, ಗೃಹಪ್ರವೇಶ, ತೇರಿನ ಕರಪತ್ರಗಳು ಅಚ್ಚಾಗಿವೆ. ಆ ಅಂಗಡಿಯಲ್ಲಿ ಒಂದು ಫಾಂಟ್ ಫೈಲು ಕೆಟ್ಟು, ಕೆಲವು ಒತ್ತಕ್ಷರ ಬರಬೇಕಾದ ಕಡೆ ಖಾಲಿ ಬೀಳುತ್ತಿತ್ತು. ಸರಿಯಿದ್ದ ಪ್ರತಿ ಪೆನ್‌ಡ್ರೈವ್‌ನಲ್ಲಿತ್ತು. ಹಳೆಯದರ ಜಾಗಕ್ಕೆ ಅದನ್ನು ಹಾಕಲು ಹೋದರೆ ವಿಂಡೋಸ್ ಒಪ್ಪುತ್ತಿರಲಿಲ್ಲ. ಅಂಗಡಿಯ ಹುಡುಗ ಪೇಜ್‌ಮೇಕರ್ ಮುಚ್ಚಿದ, ವರ್ಡ್ ಮುಚ್ಚಿದ, ಬ್ರೌಸರನ್ನೂ ಮುಚ್ಚಿದ. "ಎಲ್ಲಾ ಮುಚ್ಚಿದೀನಲ್ಲಕ್ಕಾ, ಇನ್ಯಾರು ಬಳಸ್ತಾ ಇರೋದು?" ಎಂದು ಕೇಳಿದ.

ಬಳಸುತ್ತಿದ್ದದ್ದು ವಿಂಡೋಸೇ. ಯಾವ ಪ್ರೋಗ್ರಾಮು ಯಾವಾಗ ಕೇಳಿದರೂ ಅಕ್ಷರ ಒದಗಿಸಬೇಕಾದ್ದರಿಂದ, ಸ್ಥಾಪಿಸಿದ ಫಾಂಟುಗಳನ್ನು ಅದು ಮೊದಲೇ ತೆರೆದು ಸಿದ್ಧವಾಗಿಟ್ಟುಕೊಳ್ಳುತ್ತದೆ. ಪರದೆಯ ಮೇಲೆ ಕಿಟಕಿಯೊಂದೂ ಇಲ್ಲದಿದ್ದರೂ ತೆರೆಮರೆಯಲ್ಲಿ ಹತ್ತಾರು ಸೇವೆಗಳು ಓಡುತ್ತಿರುತ್ತವೆ: ಫಾಂಟ್ ನೋಡುವುದು ಒಂದು, ಪ್ರಿಂಟರಿನ ಸರದಿ ನೋಡುವುದು ಇನ್ನೊಂದು, ಆ್ಯಂಟಿವೈರಸ್ ಮತ್ತೊಂದು. ನಮ್ಮ ಕಣ್ಣಿಗೆ ಮುಚ್ಚಿದಂತೆ ಕಾಣುವ ಫೈಲು ಇವುಗಳಲ್ಲಿ ಯಾವುದೋ ಒಂದರ ಕೈಯಲ್ಲಿ ಇರಬಹುದು.

ವಿಂಡೋಸ್‌ನಲ್ಲಿ ಪ್ರೋಗ್ರಾಮೊಂದು ಫೈಲು ತೆರೆಯುವಾಗ ಎರಡು ಸಂಗತಿ ಹೇಳಬೇಕು. ತಾನು ಅದನ್ನು ಓದುತ್ತೇನೋ, ಬರೆಯುತ್ತೇನೋ ಎಂಬುದು ಮೊದಲನೆಯದು. ತನ್ನ ಕೈಯಲ್ಲಿ ಇರುವಷ್ಟು ಹೊತ್ತು ಬೇರೆಯವರು ಅದನ್ನು ಓದಬಹುದೇ, ಬರೆಯಬಹುದೇ, ಅಳಿಸಬಹುದೇ ಎಂಬುದು ಎರಡನೆಯದು. "ಅಳಿಸಬಾರದು" ಎಂದು ಮೊದಲು ಬಂದವನು ಹೇಳಿದ್ದರೆ ಆಮೇಲೆ ಬಂದವನಿಗೆ, ಅವನು ಕಂಪ್ಯೂಟರಿನ ಮಾಲೀಕನೇ ಆದರೂ, ಬಾಗಿಲು ತೆರೆಯುವುದಿಲ್ಲ.

ಇದು ಕಿರಿಕಿರಿಯೆನಿಸಿದರೂ ಬಹಳ ಬೇಕಾದ ಕಟ್ಟುಪಾಡು. ಹೊಳಲ್ಕೆರೆ ಕಡೆಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರು ರೈತರ ಪಟ್ಟಿಗೆ ತೂಕ, ದರ ಏರಿಸುತ್ತಾ ಕೂತಿರುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಆ ಲೆಕ್ಕದ ಫೈಲನ್ನು ಅಳಿಸಿಬಿಟ್ಟರೆ? ಇಲ್ಲವೇ ಹಳೆಯ ಪ್ರತಿಯೊಂದನ್ನು ಅದರ ಮೇಲೆ ಹಾಕಿಬಿಟ್ಟರೆ? ಬೆಳಿಗ್ಗೆಯಿಂದ ಬರೆದದ್ದು ಅರ್ಧಕ್ಕೆ ಹೋಗುತ್ತದೆ, ಯಾರದ್ದು ಹೋಯಿತೆಂದೂ ತಿಳಿಯುವುದಿಲ್ಲ. "ಫೈಲು ಬಳಕೆಯಲ್ಲಿದೆ" ಎಂಬ ಸಂದೇಶ ಅಂಥ ಅನಾಹುತವನ್ನು ತಡೆಯುತ್ತಿರುತ್ತದೆ.

ಓಡುತ್ತಿರುವ ಪ್ರೋಗ್ರಾಮಿನ ಫೈಲಿಗೆ ಕಾವಲು ಇನ್ನೂ ಬಿಗಿ. ಪ್ರೋಗ್ರಾಮನ್ನು ತೆರೆದಾಗ ಅದು ಇಡಿಯಾಗಿ ಮೆಮೊರಿಗೆ ಬರುತ್ತದೆಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ವಿಂಡೋಸ್ ಅದನ್ನು ಬೇಕುಬೇಕಾದಂತೆ ತುಂಡುತುಂಡಾಗಿ ಡಿಸ್ಕಿನಿಂದ ತರುತ್ತದೆ. ಬೆಳಿಗ್ಗೆ ತೆರೆದ ಪ್ರೋಗ್ರಾಮಿನ ಒಂದು ಭಾಗವನ್ನು, ನೀವು ಮಧ್ಯಾಹ್ನ ಪ್ರಿಂಟ್ ಕೊಟ್ಟಾಗ ಮೊದಲ ಬಾರಿಗೆ ತರಬಹುದು. ಅಷ್ಟರಲ್ಲಿ ಆ ಫೈಲು ಮಾಯವಾಗಿದ್ದರೆ, ಇಲ್ಲವೇ ಅದರ ಜಾಗದಲ್ಲಿ ಹೊಸ ಆವೃತ್ತಿ ಬಂದಿದ್ದರೆ, ಅರ್ಧ ಹಳೆಯದು ಅರ್ಧ ಹೊಸದು ಸೇರಿ ಪ್ರೋಗ್ರಾಮು ಕುಸಿಯುತ್ತದೆ. ಅದಕ್ಕೇ ಓಡುತ್ತಿರುವ ಪ್ರೋಗ್ರಾಮಿನ ಫೈಲನ್ನು ಅಳಿಸಲು ವಿಂಡೋಸ್ ಖಂಡಿತ ಬಿಡುವುದಿಲ್ಲ.

ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಅಂಥ ಫೈಲಿನ ಹೆಸರನ್ನು ಸಾಮಾನ್ಯವಾಗಿ ಬದಲಿಸಬಹುದು. ಇನ್‌ಸ್ಟಾಲರ್‌ಗಳು ಈ ಸಂದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ: ಹಳೆಯ ಫೈಲಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸುತ್ತವೆ, ಮೂಲ ಹೆಸರಿನಲ್ಲಿ ಹೊಸದನ್ನು ತಂದಿಡುತ್ತವೆ. ಓಡುತ್ತಿರುವ ಪ್ರೋಗ್ರಾಮು ಹೆಸರು ಬದಲಾದ ಹಳೆಯ ಫೈಲನ್ನೇ ಹಿಡಿದು ಓಡುತ್ತಿರುತ್ತದೆ. ಉಳಿಯುವ ಕೆಲಸ ಒಂದೇ, ಆ ಹಳೆಯದನ್ನು ಅಳಿಸುವುದು. ಅದನ್ನು ಮುಂದಿನ ರೀಸ್ಟಾರ್ಟ್‌ಗೆ ಬರೆದಿಡುತ್ತವೆ. "ಈಗ ರೀಸ್ಟಾರ್ಟ್ ಮಾಡಲೇ, ನಂತರವೇ?" ಎಂಬ ಪ್ರಶ್ನೆ ಬರುವುದು ಈ ಹಂತದಲ್ಲಿ.

ಬರೆದಿಟ್ಟ ಪಟ್ಟಿ

ಬರೆದಿಡುವುದು ಎಂದೆ. ಅದು ನಿಜವಾಗಿಯೂ ಒಂದು ಪಟ್ಟಿ, ಬೇಕಿದ್ದರೆ ತೆರೆದು ಓದಬಹುದು.

1995ರಲ್ಲಿ ಬಂದ ವಿಂಡೋಸ್ 95ರಲ್ಲೂ ಅದರ ನಂತರದ 98ರಲ್ಲೂ ಈ ಪಟ್ಟಿ ವಿನ್‌ಇನಿಟ್.ಐಎನ್ಐ ಎಂಬ ಸಾದಾ ಪಠ್ಯದ ಫೈಲಿನಲ್ಲಿ ಇರುತ್ತಿತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದು 'ರಿನೇಮ್' ಎಂಬ ತಲೆಬರಹದ ಕೆಳಗೆ ಒಂದೊಂದು ಸಾಲು ಬರೆದರೆ ಆಯಿತು: ಎಡಕ್ಕೆ ಹೊಸ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಹಳೆಯ ಹೆಸರು. ಅಳಿಸಬೇಕಿದ್ದರೆ ಹೊಸ ಹೆಸರಿನ ಜಾಗದಲ್ಲಿ 'ನಲ್' ಎಂದು ಬರೆಯುತ್ತಿದ್ದೆವು, ಶೂನ್ಯಕ್ಕೆ ಕಳಿಸು ಎಂಬಂತೆ. ವಿಂಡೋಸಿನ ಚಿತ್ರಮಯ ಪರದೆ ಬರುವ ಮೊದಲು, ಇನ್ನೂ ಡಾಸ್ ಸ್ಥಿತಿಯಲ್ಲಿರುವಾಗಲೇ ಈ ಪಟ್ಟಿ ನಡೆಯುತ್ತಿತ್ತು. ಆ ಸ್ಥಿತಿಯಲ್ಲಿ ಉದ್ದ ಹೆಸರುಗಳು ಗುರುತು ಸಿಗುತ್ತಿರಲಿಲ್ಲ, ಎಂಟು ಅಕ್ಷರ ಮತ್ತು ಮೂರು ಅಕ್ಷರದ ಚಿಕ್ಕ ಹೆಸರನ್ನೇ ಬರೆಯಬೇಕಿತ್ತು. ಕೆಲಸ ಮುಗಿದ ಮೇಲೆ ಪಟ್ಟಿಯ ಹೆಸರೇ ಬದಲಾಗಿ ವಿನ್‌ಇನಿಟ್.ಬಿಎಕೆ ಆಗುತ್ತಿತ್ತು. ಅದನ್ನು ತೆರೆದು ನೋಡಿ ಹಿಂದಿನ ಸಲ ಏನು ನಡೆಯಿತೆಂದು ತಿಳಿಯಬಹುದಿತ್ತು.

ವಿಂಡೋಸ್ ಎನ್‌ಟಿ, ಅದರ ವಂಶದಲ್ಲಿ ಹುಟ್ಟಿದ 2000, ಎಕ್ಸ್‌ಪಿ, 7, 10, 11 ಇವುಗಳಲ್ಲಿ ಪಟ್ಟಿ ರಿಜಿಸ್ಟ್ರಿಯೊಳಗೆ ಇರುತ್ತದೆ. 'ಸೆಷನ್ ಮ್ಯಾನೇಜರ್' ಎಂಬ ವಿಭಾಗದಲ್ಲಿ 'ಪೆಂಡಿಂಗ್ ಫೈಲ್ ರಿನೇಮ್ ಆಪರೇಷನ್ಸ್' ಎಂದು ಅದರ ಹೆಸರು, ಪದಗಳ ನಡುವೆ ಜಾಗವಿಲ್ಲದೆ. ಅಲ್ಲಿ ಹೆಸರುಗಳು ಜೋಡಿಜೋಡಿಯಾಗಿ ಇರುತ್ತವೆ. ಮೊದಲನೆಯದು ಈಗಿನ ಫೈಲು, ಎರಡನೆಯದು ಅದು ಏನಾಗಬೇಕೋ ಅದು. ಎರಡನೆಯ ಜಾಗ ಖಾಲಿಯಿದ್ದರೆ ಅಳಿಸು ಎಂದರ್ಥ. ಆಡಳಿತಾಧಿಕಾರ ಇರುವ ಖಾತೆಯಿಂದ ಮಾತ್ರ ಇಲ್ಲಿ ಬರೆಯಲು ಸಾಧ್ಯ.

ಇದನ್ನು ಓದಿ ನಡೆಸುವ ಆಳಿನ ಹೆಸರು ಸೆಷನ್ ಮ್ಯಾನೇಜರ್, ಎಸ್‌ಎಂಎಸ್‌ಎಸ್ ಎಂಬ ಪ್ರೋಗ್ರಾಮು. ಕಂಪ್ಯೂಟರು ಶುರುವಾದಾಗ ಬಳಕೆದಾರರ ಮಟ್ಟದಲ್ಲಿ ಮೊದಲು ಎದ್ದೇಳುವುದು ಇದೇ. ಡಿಸ್ಕ್ ಸರಿಯಿದೆಯೇ ಎಂಬ ತಪಾಸಣೆ ಮೊದಲು ಆಗುತ್ತದೆ. ಅದಾದ ಕೂಡಲೇ ಪಟ್ಟಿಯ ಕೆಲಸ. ಮೆಮೊರಿಗೆ ನೆರವಾಗುವ ಪೇಜ್ ಫೈಲುಗಳು ತೆರೆಯುವುದು ಆಮೇಲೆ. ಲಾಗಿನ್ ಪರದೆ, ಫಾಂಟು, ಪ್ರಿಂಟರ್ ಸೇವೆ, ಡೆಸ್ಕ್‌ಟಾಪು ಎಲ್ಲ ಅದಕ್ಕೂ ಆಮೇಲೆ. ಫೈಲನ್ನು ಹಿಡಿಯುವವರಲ್ಲಿ ಬಹುಪಾಲು ಮಂದಿ ಇನ್ನೂ ಎದ್ದಿರದ ಹೊತ್ತು ಅದು.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನ ಕಡೆ ರೈಲು ಹಳಿ ಬದಲಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಹಳಿಯನ್ನು ಮೊದಲೇ ತಂದು ದಾರಿಯ ಪಕ್ಕದಲ್ಲಿ ಇಟ್ಟಿರುತ್ತಾರೆ. ಗಾಡಿ ಓಡಾಡುವ ಹೊತ್ತಿನಲ್ಲಿ ಹಳೆಯದನ್ನು ಕೀಳುವುದಿಲ್ಲ. ಎರಡು ಗಾಡಿಗಳ ನಡುವೆ 'ಬ್ಲಾಕ್' ಸಿಗುವುದನ್ನು ಕಾಯುತ್ತಾರೆ, ಸಿಕ್ಕ ತಕ್ಷಣ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ, ಆಮೇಲೆ ಗಾಡಿ ಬಿಡುತ್ತಾರೆ. ಕಂಪ್ಯೂಟರಿಗೆ ಆ ಬ್ಲಾಕ್ ಸಿಗುವುದು ರೀಸ್ಟಾರ್ಟ್ ಆಗುವಾಗ.

ಹೊಸದುರ್ಗದ ಅಂಗಡಿಯಲ್ಲಿ ಮಾಡಿದ್ದೂ ಇದನ್ನೇ. ಒಳ್ಳೆಯ ಫಾಂಟನ್ನು ಸಿ ಡ್ರೈವ್‌ನಲ್ಲಿ ಒಂದು ಕಡೆ ಇಟ್ಟು, "ಮುಂದಿನ ಸಲ ಶುರುವಾದಾಗ ಇದನ್ನು ಹಳೆಯದರ ಜಾಗಕ್ಕೆ ಹಾಕು" ಎಂದು ಪಟ್ಟಿಗೆ ಬರೆದು ರೀಸ್ಟಾರ್ಟ್ ಕೊಟ್ಟೆವು. ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಒತ್ತಕ್ಷರಗಳು ತಮ್ಮ ಜಾಗದಲ್ಲಿದ್ದವು.

ಪಟ್ಟಿಗೆ ಬರೆಯಲು ನಾನು ಬಳಸಿದ್ದು 'ಮೂವ್‌ಫೈಲ್' ಎಂಬ ಸಣ್ಣ ಸಾಧನ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರುಮಾಡಿದ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಇದೂ ಒಂದು. 2006ರಲ್ಲಿ ಮೈಕ್ರೋಸಾಫ್ಟ್ ಅವರ ಸಂಸ್ಥೆಯನ್ನೇ ಕೊಂಡುಕೊಂಡಿತು, ಸಾಧನಗಳು ಈಗಲೂ ಉಚಿತ. ಇದರ ಜೊತೆಗಾರ 'ಪೆಂಡ್‌ಮೂವ್ಸ್' ಪಟ್ಟಿಯಲ್ಲಿ ಬಾಕಿ ಏನಿದೆ ಎಂದು ತೋರಿಸುತ್ತದೆ.

ಈ ಪಟ್ಟಿಗೆ ಮೂರು ಮಿತಿಗಳಿವೆ. ಆ ಹೊತ್ತಿನಲ್ಲಿ ನೆಟ್‌ವರ್ಕ್ ಎದ್ದಿರುವುದಿಲ್ಲ, ಹಾಗಾಗಿ ಬೇರೆ ಕಂಪ್ಯೂಟರಿನಲ್ಲಿರುವ ಫೈಲಿಗೆ ಇದು ನಡೆಯದು. ಫೋಲ್ಡರನ್ನು ಅಳಿಸಬೇಕಿದ್ದರೆ ಅದು ಖಾಲಿಯಿರಬೇಕು, ಎಂದರೆ ಒಳಗಿನ ಫೈಲುಗಳು ಪಟ್ಟಿಯಲ್ಲಿ ಮೊದಲು, ಫೋಲ್ಡರು ಕೊನೆಗೆ. ಇನ್ನು, ಕೆಲಸ ಆಗದೆ ಹೋದರೆ ಯಾವ ಸಂದೇಶವೂ ಬರುವುದಿಲ್ಲ. ಶುರುವಾದ ಮೇಲೆ ಹೋಗಿ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಕನ್ನಡ ಬಂದದ್ದೂ ರೀಸ್ಟಾರ್ಟ್ ಆದ ಮೇಲೆ

ನನಗೆ ರೀಸ್ಟಾರ್ಟ್ ಬಗ್ಗೆ ಗೌರವ ಹುಟ್ಟಿದ್ದು ಕನ್ನಡದ ಕಾರಣಕ್ಕೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ಬೆಂಬಲವಿತ್ತು, ತುಂಗಾ ಎಂಬ ಫಾಂಟೂ ಇತ್ತು. ಆದರೆ ನಮ್ಮಲ್ಲಿ ಎಲ್ಲರೂ ಹಾಕಿಸಿಕೊಳ್ಳುತ್ತಿದ್ದ ಇಂಗ್ಲಿಷ್ ಎಕ್ಸ್‌ಪಿಯಲ್ಲಿ ಅದು ತಾನಾಗಿ ಚಾಲೂ ಆಗಿರುತ್ತಿರಲಿಲ್ಲ. ಕನ್ನಡದ ಜಾಲತಾಣ ತೆರೆದರೆ ಚೌಕ ಚೌಕ, ಇಲ್ಲವೇ ಒತ್ತು ಒಂದು ಕಡೆ ಅಕ್ಷರ ಒಂದು ಕಡೆ ಬಿಡಿಬಿಡಿಯಾಗಿ ಬಿದ್ದಿರುತ್ತಿದ್ದವು. ಕಂಟ್ರೋಲ್ ಪ್ಯಾನೆಲಿನಲ್ಲಿ ಭಾಷೆಗಳ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಫೈಲುಗಳನ್ನು ಹಾಕು ಎಂಬ ಚೌಕಕ್ಕೆ ಗುರುತು ಹಾಕಬೇಕಿತ್ತು. ಎಕ್ಸ್‌ಪಿ ಸಿ.ಡಿ. ಕೇಳುತ್ತಿತ್ತು. ಫೈಲುಗಳು ನಕಲಾದ ಮೇಲೆ ರೀಸ್ಟಾರ್ಟ್ ಕೇಳುತ್ತಿತ್ತು. ಅದಾದ ಮೇಲೆ ಅದೇ ಪುಟ ತೆರೆದರೆ ಅಚ್ಚುಕಟ್ಟಾದ ಕನ್ನಡ. ಹಿರಿಯೂರಿನ, ಚಿತ್ರದುರ್ಗದ ಸೈಬರ್ ಕೆಫೆಗಳಲ್ಲಿ ಇದನ್ನು ಮಾಡಿಕೊಟ್ಟಾಗ ಪಕ್ಕದಲ್ಲಿ ನಿಂತವರ ಮುಖ ಅರಳುತ್ತಿದ್ದುದನ್ನು ಕಂಡಿದ್ದೇನೆ.

ರೀಸ್ಟಾರ್ಟ್ ಯಾಕೆ ಬೇಕಿತ್ತೆಂದರೆ, ಅಕ್ಷರಗಳನ್ನು ಕೂಡಿಸಿ ಒತ್ತು, ದೀರ್ಘಗಳನ್ನು ಜಾಗಕ್ಕೆ ಕೂರಿಸುವ ಕೆಲಸ 'ಯೂನಿಸ್ಕ್ರೈಬ್' ಎಂಬ ಭಾಗದ್ದು. ಅದಿರುವುದು ಯುಎಸ್‌ಪಿ10.ಡಿಎಲ್ಎಲ್ ಎಂಬ ಫೈಲಿನಲ್ಲಿ. ಡೆಸ್ಕ್‌ಟಾಪು, ಬ್ರೌಸರು, ವರ್ಡು, ಪಠ್ಯ ತೋರಿಸುವ ಪ್ರತಿಯೊಂದೂ ಅದನ್ನು ಹಿಡಿದಿರುತ್ತದೆ. ವಿಂಡೋಸ್ ಓಡುತ್ತಿರುವಷ್ಟು ಹೊತ್ತು ಆ ಫೈಲಿಗೆ ಬಿಡುವೆಂಬುದೇ ಇಲ್ಲ. ಅದರ ಹೊಸ ಆವೃತ್ತಿಗಳು ಆಫೀಸ್ ತಂತ್ರಾಂಶದ ಜೊತೆ, 2004ರ ಸರ್ವೀಸ್ ಪ್ಯಾಕ್ 2ರ ಜೊತೆ ಬಂದವು. ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವವರು ಹೊಸದನ್ನು ಹಳೆಯದರ ಜಾಗಕ್ಕೆ ತಾವೇ ಹಾಕಲು ನೋಡುತ್ತಿದ್ದರು. ಅಲ್ಲಿ ಎರಡು ಅಡ್ಡಿಗಳು. ಒಂದು, ಫೈಲು ಬಳಕೆಯಲ್ಲಿರುವುದು. ಇನ್ನೊಂದು, ವಿಂಡೋಸ್ 2000ದಿಂದ ಬಂದಿದ್ದ ಫೈಲ್ ರಕ್ಷಣೆಯ ವ್ಯವಸ್ಥೆ. ಮುಖ್ಯ ಫೈಲುಗಳ ಒಂದೊಂದು ಪ್ರತಿಯನ್ನು ಅದು ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಂಡು, ಯಾರಾದರೂ ಬದಲಿಸಿದರೆ ಹಳೆಯದನ್ನು ಮತ್ತೆ ತಂದು ಕೂರಿಸುತ್ತಿತ್ತು. ಸರ್ವೀಸ್ ಪ್ಯಾಕ್ ಆದರೋ ಅನುಮತಿಯೊಂದಿಗೆ, ಕ್ರಮವಾಗಿ ಆ ಕೆಲಸ ಮುಗಿಸುತ್ತಿತ್ತು. ಅದಕ್ಕೇ ಆಗ ನಾನು ಗಿರಾಕಿಗಳಿಗೆ ಹೇಳುತ್ತಿದ್ದದ್ದು: ಫೈಲನ್ನು ಎಳೆದಾಡಬೇಡಿ, ಸರ್ವೀಸ್ ಪ್ಯಾಕ್ ಹಾಕಿಸಿ, ರೀಸ್ಟಾರ್ಟ್ ಕೊಡಿ. 2007ರಲ್ಲಿ ಬಂದ ವಿಸ್ತಾದಿಂದ ಭಾರತೀಯ ಲಿಪಿಗಳ ಬೆಂಬಲ ತಾನಾಗಿಯೇ ಚಾಲೂ ಇರುತ್ತದೆ. ಇಂದಿನ ಮಕ್ಕಳಿಗೆ ಆ ಚೌಕಗಳ ನೆನಪೂ ಇಲ್ಲ, ಇರಬೇಕಾಗಿಯೂ ಇಲ್ಲ.

ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ

ಈಗ ಎಲ್ಲಕ್ಕಿಂತ ಹೆಚ್ಚು ಜನರಿಗೆ ಬೇಕಾದ ಮಾತು. ಹಿರಿಯೂರಿನ ಒಂದು ಸೇವಾ ಕೇಂದ್ರದಲ್ಲಿ ಬೆರಳಚ್ಚು ಸಾಧನದ ತಂತ್ರಾಂಶ ಅಪ್‌ಡೇಟ್ ಆಗಿತ್ತು, ಸಾಧನ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ರೀಸ್ಟಾರ್ಟ್ ಬಾಕಿಯಿದೆ ಎಂದು ತೋರಿಸುತ್ತಿತ್ತು. ನಡೆಸುವ ಹಿರಿಯರು ಹೇಳಿದರು: "ದಿನಾ ರಾತ್ರಿ ಶಟ್‌ಡೌನ್ ಮಾಡೇ ಬಾಗಿಲು ಹಾಕದು ಕಣಮ್ಮ. ಗೋಡೆ ಸ್ವಿಚ್ಚೂ ಆರಿಸಿ ಹೋಗ್ತೀನಿ. ಇನ್ನೇನ್ ರೀಸ್ಟಾರ್ಟು?"

ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ, 'ಅಪ್ ಟೈಮ್' ತೋರಿಸಿದೆ. ಕಂಪ್ಯೂಟರು ವಾರಗಳಿಂದ ನಿಲ್ಲದೆ ಓಡುತ್ತಿದೆ ಎಂದು ಅಲ್ಲಿತ್ತು. ಅವರು ಹೇಳಿದ್ದೂ ನಿಜ, ಪರದೆಯ ಮೇಲೆ ಇದ್ದದ್ದೂ ನಿಜ.

2012ರಲ್ಲಿ ಬಂದ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ವ್ಯವಸ್ಥೆಯಿದೆ. ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಮುಗಳನ್ನು ಮುಚ್ಚಿ, ವಿಂಡೋಸಿನ ಒಳತಿರುಳನ್ನೂ ಡ್ರೈವರುಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದು ಯಂತ್ರ ಆರುತ್ತದೆ. ಮರುದಿನ ಆನ್ ಮಾಡಿದಾಗ ಹೊಸದಾಗಿ ಶುರುಮಾಡುವ ಬದಲು ಬರೆದಿಟ್ಟದ್ದನ್ನು ಎತ್ತಿಕೊಂಡು ಮುಂದುವರಿಯುತ್ತದೆ. ಬೇಗ ಶುರುವಾಗುವುದು ಇದರಿಂದಲೇ. ಬರೆದಿಟ್ಟದ್ದು ಡಿಸ್ಕಿನಲ್ಲಿರುವುದರಿಂದ ಗೋಡೆಯ ಸ್ವಿಚ್ಚು ಆರಿಸಿದರೂ ಅದು ಹೋಗುವುದಿಲ್ಲ. ಹಿಂದಿನ ದಿನದ ಒಳತಿರುಳೇ ಮುಂದುವರಿದಾಗ ಸೆಷನ್ ಮ್ಯಾನೇಜರ್ ಹೊಸದಾಗಿ ಎದ್ದು ಪಟ್ಟಿ ಓದುವ ಸಂದರ್ಭ ಬರುವುದಿಲ್ಲ. ಪಟ್ಟಿ ಹಾಗೇ ಕಾಯುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಈ ಅಡ್ಡದಾರಿಯಿಲ್ಲ, ಎಲ್ಲವೂ ನಿಂತು ಬುಡದಿಂದ ಶುರುವಾಗುತ್ತದೆ. ಫಾಸ್ಟ್ ಸ್ಟಾರ್ಟಪ್ ಇರುವಾಗ ಶಟ್‌ಡೌನ್ ಮಾಡಿ ಆನ್ ಮಾಡಿದರೆ ಕೆಲವು ಅಪ್‌ಡೇಟುಗಳು ಪೂರ್ಣವಾಗದೆ ಉಳಿಯಬಹುದೆಂದು ಮೈಕ್ರೋಸಾಫ್ಟೇ ತಿಳಿಸಿದೆ.

ಆ ಹಿರಿಯರ ಎದುರಿಗೇ ಸ್ಟಾರ್ಟ್ ಮೆನುವಿನಿಂದ ರೀಸ್ಟಾರ್ಟ್ ಕೊಟ್ಟೆವು. ಬೆರಳಚ್ಚು ಸಾಧನದ ದೀಪ ಹತ್ತಿತು. ಹೊರಗೆ ಬೆಂಚಿನ ಮೇಲೆ ಪಿಂಚಣಿ ಕೆಲಸಕ್ಕೆ ಬಂದು ಕಾಯುತ್ತಿದ್ದ ಅಜ್ಜಿಯ ಕೆಲಸ ಮೊದಲು ಆಯಿತು.

ಬೆಂಗಳೂರಿನಲ್ಲಿ ಕೈಬರಹದ ಬೋರ್ಡಿಂಗ್ ಪಾಸು

ಅಳಿಸಬೇಕಾದ ಒಂದು ಫೈಲು ಕೈಗೆ ಸಿಗದಿದ್ದರೆ ಏನಾಗುತ್ತದೆಂದು ಲೋಕವೆಲ್ಲ ನೋಡಿದ್ದು 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಭಾರತದ ಕಾಲಮಾನ ಬೆಳಿಗ್ಗೆ 9.39ಕ್ಕೆ ಒಂದು ದೋಷಪೂರಿತ ಫೈಲನ್ನು ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಕಳಿಸಿತು. 10.57ಕ್ಕೆ ಅದನ್ನು ಸರಿಪಡಿಸಿತು. ನಡುವಿನ ಆ 78 ನಿಮಿಷದಲ್ಲಿ ಅದನ್ನು ಪಡೆದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ಮೈಕ್ರೋಸಾಫ್ಟಿನ ಅಂದಾಜಿನಂತೆ ಅವು 85 ಲಕ್ಷ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ವ್ಯವಸ್ಥೆ ನಿಂತು ಸಾಲುಗಳು ಬೆಳೆದವು. ದೇಶದ ನಿಲ್ದಾಣಗಳಲ್ಲಿ ಇಂಡಿಗೊ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಟ್ಟರು.

ಪರಿಹಾರ ಹೇಳಲು ಒಂದೇ ಸಾಲು: ವಿಂಡೋಸಿನ ಡ್ರೈವರುಗಳ ಫೋಲ್ಡರಿನೊಳಗೆ ಸಿ-00000291 ಎಂದು ಶುರುವಾಗುವ ಫೈಲನ್ನು ಅಳಿಸಬೇಕು. ಆದರೆ ಅಳಿಸಲು ಕಂಪ್ಯೂಟರು ಶುರುವಾಗಬೇಕು, ಶುರುವಾಗುತ್ತಿದ್ದಂತೆ ಅದೇ ಫೈಲು ಓದಿ ಅದು ಬೀಳುತ್ತಿತ್ತು. ಮತ್ತೆ ಶುರು, ಮತ್ತೆ ಬೀಳು. ತಂತ್ರಜ್ಞರು ಒಂದೊಂದು ಯಂತ್ರದ ಮುಂದೆಯೂ ಕೂತು ಸೇಫ್ ಮೋಡ್‌ಗೆ ಹೋಗಬೇಕಾಯಿತು. ಸೇಫ್ ಮೋಡ್ ಎಂದರೆ ತೀರಾ ಅಗತ್ಯದ ಡ್ರೈವರುಗಳಷ್ಟೇ ಏಳುವ ಸ್ಥಿತಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ 48 ಅಂಕಿಗಳ ಕೀಲಿಯನ್ನೂ ಹುಡುಕಿ ತರಬೇಕಾಯಿತು. ಮೈಕ್ರೋಸಾಫ್ಟ್ ತನ್ನ ಅಜೂರ್ ಕ್ಲೌಡಿನ ಗ್ರಾಹಕರಿಗೆ ಹೇಳಿದ ಒಂದು ಉಪಾಯ ನನ್ನ ಮನಸ್ಸಿನಲ್ಲಿ ನಿಂತಿದೆ: ರೀಸ್ಟಾರ್ಟ್ ಮಾಡುತ್ತಾ ಹೋಗಿ, ಕೆಲವರಿಗೆ 15 ಸಲದವರೆಗೂ ಬೇಕಾಗಿದೆ. ಯಂತ್ರ ಬೀಳುವುದಕ್ಕೆ ಮೊದಲು ನೆಟ್‌ವರ್ಕ್ ಎದ್ದು ಸರಿಯಾದ ಫೈಲು ಇಳಿದುಬಿಟ್ಟರೆ ಗೆದ್ದಂತೆ. ಶುರುವಾಗುವಾಗ ಯಾವುದು ಮೊದಲು ಏಳುತ್ತದೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಾನು ಕಂಡಿಲ್ಲ.

ಒಂದು ಫೈಲು ಹೋಗದಿದ್ದಾಗ

ನನ್ನ ಗಿರಾಕಿಗಳಿಗೆ ಹೇಳುವ ಕ್ರಮವನ್ನೇ ಇಲ್ಲಿ ಕೊಡುತ್ತೇನೆ. ಮೊದಲು ಸಂದೇಶವನ್ನು ಪೂರ್ತಿ ಓದಿ. ಯಾವ ಪ್ರೋಗ್ರಾಮು ಹಿಡಿದಿದೆ ಎಂದು ವಿಂಡೋಸ್ ಹೆಚ್ಚಾಗಿ ಹೆಸರೇ ಹೇಳುತ್ತದೆ. ಹೇಳದಿದ್ದರೆ 'ರಿಸೋರ್ಸ್ ಮಾನಿಟರ್' ತೆರೆದು, ಸಿಪಿಯು ಪುಟದ 'ಅಸೋಸಿಯೇಟೆಡ್ ಹ್ಯಾಂಡಲ್ಸ್' ಹುಡುಕುಪಟ್ಟಿಯಲ್ಲಿ ಫೈಲಿನ ಹೆಸರು ಹಾಕಿದರೆ ಹಿಡಿದವರ ಪಟ್ಟಿ ಬರುತ್ತದೆ. ಆ ಪ್ರೋಗ್ರಾಮನ್ನು ಸರಿಯಾದ ದಾರಿಯಲ್ಲಿ ಮುಚ್ಚಿ.

ಝೆರಾಕ್ಸ್ ಅಂಗಡಿಗಳಲ್ಲಿ ಪ್ರಿಂಟ್ ಸಿಕ್ಕಿಕೊಂಡು, ಅಳಿಸಿದರೂ ಹೋಗದೆ ಉಳಿಯುವುದು ದಿನದ ತೊಂದರೆ. ಅಲ್ಲಿ ಫೈಲನ್ನು ಹಿಡಿದಿರುವುದು 'ಪ್ರಿಂಟ್ ಸ್ಪೂಲರ್' ಎಂಬ ಸೇವೆ. ಸರ್ವೀಸಸ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿ, ಬಾಕಿ ಫೈಲುಗಳನ್ನು ತೆಗೆದು, ಮತ್ತೆ ಶುರುಮಾಡಿದರೆ ಸಾಕು. ಇದಕ್ಕೆ ರೀಸ್ಟಾರ್ಟ್ ಬೇಕಿಲ್ಲ. ಮಂಡಿಯಂಥ ಕಡೆ ಒಂದು ಕಂಪ್ಯೂಟರಿನ ಫೈಲನ್ನು ಮೂರು ನಾಲ್ಕು ಮಂದಿ ಹಂಚಿಕೊಂಡಿದ್ದರೆ ನಿಮ್ಮ ಯಂತ್ರ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ಫೈಲು ಇರುವ ಕಂಪ್ಯೂಟರಿನಲ್ಲಿ 'ಶೇರ್ಡ್ ಫೋಲ್ಡರ್ಸ್' ಅಡಿಯ 'ಓಪನ್ ಫೈಲ್ಸ್' ನೋಡಿದರೆ ಯಾರು ತೆರೆದಿದ್ದಾರೆಂದು ತಿಳಿಯುತ್ತದೆ, ಅವರಿಗೆ ಒಂದು ಮಾತು ಹೇಳಿ ಮುಚ್ಚಿಸಬೇಕು.

ಬಲವಂತವಾಗಿ ಬೀಗ ಬಿಡಿಸುವ ಸಾಧನಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವನ್ನು ಬಳಸಬೇಡಿ ಎಂದೇ ನನ್ನ ಸಲಹೆ. ಬರೆಯುತ್ತಿರುವ ಪ್ರೋಗ್ರಾಮಿನ ಕೈಯಿಂದ ಫೈಲು ಕಸಿದರೆ ಅದು ಬರೆದದ್ದು ಎಲ್ಲಿ ಹೋಗುತ್ತದೆಂದು ಯಾರೂ ಹೇಳಲಾರರು. ಇಷ್ಟೆಲ್ಲ ಆದ ಮೇಲೂ ಹೋಗದ ಫೈಲು ಮಾತ್ರ ರೀಸ್ಟಾರ್ಟ್ ಪಟ್ಟಿಗೆ. ಅದಕ್ಕೂ ಮೊದಲು ಆ ಫೈಲು ಏನೆಂದು ಖಚಿತ ಮಾಡಿಕೊಳ್ಳಿ. ವಿಂಡೋಸಿಗೇ ಬೇಕಾದ ಫೈಲನ್ನು ಪಟ್ಟಿಗೆ ಹಾಕಿದರೆ ಸೆಷನ್ ಮ್ಯಾನೇಜರ್ ಕೇಳದೆ ಅಳಿಸುತ್ತದೆ, ಆಮೇಲೆ ಯಂತ್ರ ಏಳದೇ ಹೋಗಬಹುದು.

ವೈರಸ್ಸಿನ ವಿಷಯದಲ್ಲಿ ಇದೇ ಪಟ್ಟಿ ನಮ್ಮ ಬೆಂಬಲಕ್ಕೆ ನಿಲ್ಲುತ್ತದೆ. ಓಡುತ್ತಿರುವ ವೈರಸ್ಸೂ ಓಡುತ್ತಿರುವ ಪ್ರೋಗ್ರಾಮೇ, ಅದರ ಫೈಲೂ ಅಳಿಯುವುದಿಲ್ಲ. ಅದು ಏಳುವ ಮೊದಲೇ ಅಳಿಸಲು ಆ್ಯಂಟಿವೈರಸ್ ರೀಸ್ಟಾರ್ಟ್ ಕೇಳುತ್ತದೆ. ಹತ್ತೂರಿನ ಪೆನ್‌ಡ್ರೈವ್ ಬಂದು ಹೋಗುವ ಅಂಗಡಿಯಲ್ಲಿ ಆ ಕೋರಿಕೆಯನ್ನು ಮುಂದೂಡಿದರೆ, ಮುಂದಿನ ಗಿರಾಕಿಯ ಪೆನ್‌ಡ್ರೈವ್‌ಗೂ ವೈರಸ್ಸನ್ನು ಹಂಚಿದಂತೆ.

ಬೇರೆ ದಾರಿಗಳು

ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಒಳಗಿನ ವಸ್ತು ಬೇರೆ. ಅಳಿಸಿದಾಗ ಹೆಸರು ತಕ್ಷಣ ಹೋಗುತ್ತದೆ. ವಸ್ತು ಮಾತ್ರ ಕೊನೆಯ ಬಳಕೆದಾರ ಕೈಬಿಡುವವರೆಗೆ ಡಿಸ್ಕಿನಲ್ಲೇ ಇರುತ್ತದೆ. ಹಾಗಾಗಿ ಅಲ್ಲಿ ಬಹುಪಾಲು ಬದಲಾವಣೆಗೆ ರೀಸ್ಟಾರ್ಟ್ ಬೇಡ. ಆದರೂ ಓಡುತ್ತಿರುವ ಪ್ರೋಗ್ರಾಮು ಹಳೆಯದನ್ನೇ ಹಿಡಿದಿರುವುದರಿಂದ ಅದನ್ನು ಮುಚ್ಚಿ ತೆರೆಯಲೇಬೇಕು, ಒಳತಿರುಳು ಬದಲಾದರೆ ಯಂತ್ರವನ್ನೇ ರೀಸ್ಟಾರ್ಟ್ ಮಾಡಬೇಕು. 2016ರ ಆಂಡ್ರಾಯ್ಡ್ 7ರಿಂದ ಅನೇಕ ಫೋನುಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಜಾಗವಿರುತ್ತದೆ. ನೀವು ಒಂದನ್ನು ಬಳಸುತ್ತಿರುವಾಗ ಅಪ್‌ಡೇಟ್ ಇನ್ನೊಂದಕ್ಕೆ ಇಳಿಯುತ್ತದೆ, ರೀಸ್ಟಾರ್ಟ್ ಆದಾಗ ಫೋನು ಹೊಸದಕ್ಕೆ ದಾಟುತ್ತದೆ, ಅದು ಏಳದಿದ್ದರೆ ಹಳೆಯದಕ್ಕೆ ಮರಳುತ್ತದೆ. ವಿಧಾನ ಯಾವುದಾದರೂ ಹೊಸದು ಜಾರಿಗೆ ಬರುವುದು ಹಳೆಯದು ಒಮ್ಮೆ ನಿಂತ ಮೇಲೆಯೇ.

ನಾನು ಒತ್ತಿ ಹೇಳಬೇಕಾದದ್ದು ಇದು. ಭದ್ರತೆಯ ಲೋಪ ಮುಚ್ಚುವ ಅಪ್‌ಡೇಟ್ ಇಳಿದಿದೆ ಎಂದಮಾತ್ರಕ್ಕೆ ನಿಮ್ಮ ಕಂಪ್ಯೂಟರು ಸುರಕ್ಷಿತವಾಗುವುದಿಲ್ಲ. ರೀಸ್ಟಾರ್ಟ್ ಆಗುವವರೆಗೆ ಓಡುತ್ತಿರುವುದು ಲೋಪವಿರುವ ಹಳೆಯ ಫೈಲೇ. ನಮ್ಮ ನಾಲ್ಕೂ ಊರಿನ ಸಣ್ಣ ಅಂಗಡಿಗಳ ಕಂಪ್ಯೂಟರುಗಳಲ್ಲಿ ಊರವರ ಆಧಾರ್ ಪ್ರತಿ, ಪಹಣಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಎಲ್ಲವೂ ಹಾದುಹೋಗುತ್ತವೆ. ಅವನ್ನು ನಂಬಿ ಕೊಟ್ಟವರಿಗೆ ಕಂಪ್ಯೂಟರಿನ ಒಳಗು ಗೊತ್ತಿಲ್ಲ, ಅವರ ಪರವಾಗಿ ಅದನ್ನು ಕಾಯಬೇಕಾದವರು ನಾವು. ವಾರದಲ್ಲಿ ಒಂದು ದಿನ, ಬಾಗಿಲು ಹಾಕುವುದಕ್ಕೆ ಕಾಲು ಗಂಟೆ ಮುಂಚೆ, ಯುಪಿಎಸ್ ಸರಿಯಿದೆಯೇ ನೋಡಿಕೊಂಡು ರೀಸ್ಟಾರ್ಟ್ ಕೊಡಿ. ಲಾಗಿನ್ ಪರದೆ ಬರುವವರೆಗೆ ಎದುರಿಗಿರಿ, ಕರೆಂಟು ಕೀಳಬೇಡಿ. ಬಾಕಿ ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡಿ ಮನೆಗೆ ಹೋಗಿ. ಖರ್ಚಿಲ್ಲದ ಈ ಅಭ್ಯಾಸದಷ್ಟು ಕಂಪ್ಯೂಟರುಗಳನ್ನು ಉಳಿಸಿಕೊಟ್ಟ ಇನ್ನೊಂದು ರಿಪೇರಿ ನನ್ನ ಕಸುಬಿನಲ್ಲಿಲ್ಲ.